ಟಿಕೇಟಿನ ಬದಲು ಜೋಳ

ನನ್ನ ಬಾಯಿ ಕೆಟ್ಟದ್ದು ಎಂಬುದು ಬೀದರದಿಂದ ಔರಾದದವರೆಗೆ ಗೊತ್ತಿರುವ ಸಂಗತಿ. ಔರಾದದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ಬೀದರದ ಮನೆಯಿಂದ ದಿನಾಲೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸಂತಪುರದಲ್ಲಿ ಡ್ರೈವರ್ ಚಹಾ ಕುಡಿಯಲು ಇಳಿದು ಹರಟೆಗೆ ಕೂತುಬಿಟ್ಟರೆ, ಹೋಟೆಲಿನ ತನಕ ಹೋಗಿ ಎಬ್ಬಿಸಿಕೊಂಡು ಬರುವವಳು ನಾನೇ. ಟವೆಲ್ ಹಾಕಿ ಸೀಟು ಹಿಡಿದವರ ಟವೆಲ್ ಮಡಚಿ ಅವರ ಕೈಗೇ ಕೊಡುವವಳೂ ನಾನೇ. ಶಾಲೆಯ ಹೆಡ್‌ಮಾಸ್ತರರು ನನ್ನನ್ನು ಏನಾದರೂ ಕೇಳುವ ಮೊದಲು ಒಂದು ಸಲ ಗಂಟಲು ಸರಿಮಾಡಿಕೊಳ್ಳುತ್ತಾರೆ. ಇಂಥ ಬಾಯಿ ಇಟ್ಟುಕೊಂಡವಳು ಹೋದ ವರ್ಷ, ಅದು ನಿಜವಾಗಿ ಬೇಕಾಗಿದ್ದ ಒಂದೇ ಒಂದು ದಿನ, ತುಟಿ ಬಿಚ್ಚದೆ ಕೂತೆ. ಕೂತದ್ದಷ್ಟೇ ಆಗಿದ್ದರೂ ಪರವಾಗಿರಲಿಲ್ಲ. ಆಮೇಲೆ ಎದ್ದು ನಿಂತು ಎಲ್ಲರಿಗೂ ಧನ್ಯವಾದ ಹೇಳಿದೆ. ಅದನ್ನು ನೆನೆದರೆ ಇವತ್ತಿಗೂ ಮೈ ಮೇಲೆ ಬೆಂಕಿ ಬಿದ್ದ ಹಾಗಾಗುತ್ತದೆ.

ನಡೆದದ್ದು ನನ್ನ ತವರೂರಿನಲ್ಲಿ. ಅದು ಭಾಲ್ಕಿಗೂ ಕಮಲನಗರಕ್ಕೂ ನಡುವೆ, ರೈಲು ಹಳಿಯ ಮಗ್ಗುಲಲ್ಲಿ ಇರುವ ಹಳ್ಳಿ. ಅಲ್ಲಿ ಒಂದು ಸ್ಟೇಷನ್ ಇತ್ತು. ಸ್ಟೇಷನ್ ಅಂದರೆ ಭಾರಿ ಏನಲ್ಲ. ಕೆಂಪು ಕಲ್ಲಿನ ಒಂದು ಕೋಣೆ, ಕೋಣೆಗೊಂದು ಕಿಟಕಿ, ಮುಂದೆ ತಗಡಿನ ಚಪ್ಪರ, ಸಿಮೆಂಟಿನ ಎರಡು ಬೆಂಚು, ಊರಿನ ಹೆಸರು ಬರೆದ ಹಳದಿ ಬೋರ್ಡು. ಬೆಳಿಗ್ಗೆ ಒಂದು ಪ್ಯಾಸೆಂಜರ್ ಗಾಡಿ ಭಾಲ್ಕಿ ಕಡೆಗೆ, ಸಂಜೆ ಒಂದು ಆ ಕಡೆಯಿಂದ. ರೈಲ್ವೆಯ ನೌಕರರು ಯಾರೂ ಅಲ್ಲಿ ಇರುತ್ತಿರಲಿಲ್ಲ. ಇಂಥ ಸಣ್ಣ ನಿಲ್ದಾಣಗಳಲ್ಲಿ ಊರಿನವನೇ ಒಬ್ಬನನ್ನು ಟಿಕೇಟು ಮಾರಲು ನೇಮಿಸುತ್ತಾರೆ. ಅವನಿಗೆ ಪಗಾರ ಇಲ್ಲ, ಮಾರಿದಷ್ಟಕ್ಕೆ ಕಮಿಷನ್ ಮಾತ್ರ. ನಮ್ಮೂರಲ್ಲಿ ಆ ಕೆಲಸ ಮಾಡುತ್ತಿದ್ದವನು ನಮ್ಮಪ್ಪ.

ನಮ್ಮದು ಕುರಿ ಸಾಕುವ ಮನೆತನ, ಜೊತೆಗೆ ಒಂದಿಷ್ಟು ಖುಷ್ಕಿ ಹೊಲ. ಅಪ್ಪ ಕನ್ನಡ, ಮರಾಠಿ ಎರಡೂ ಓದಬಲ್ಲವನಾಗಿದ್ದ, ಲೆಕ್ಕದಲ್ಲಿ ಚುರುಕು, ಅದಕ್ಕೇ ಅವನನ್ನು ಆರಿಸಿದ್ದರು. ರೈಲ್ವೆಯವರು ಅವನಿಗೆ ಬಟ್ಟೆ ಗಿಟ್ಟೆ ಏನೂ ಕೊಟ್ಟಿರಲಿಲ್ಲ. ಅವನೇ ಭಾಲ್ಕಿಯ ಬಜಾರಿನಿಂದ ಒಂದು ಕರಿ ಕೋಟು ತಂದುಕೊಂಡ. ಗಾಡಿ ಬರುವ ಹೊತ್ತಿಗೆ ಕುರಿಗಳನ್ನು ತಮ್ಮಂದಿರಿಗೆ ಒಪ್ಪಿಸಿ, ಕೈಕಾಲು ತೊಳೆದು, ಕೋಟು ಏರಿಸಿ ಕಿಟಕಿಯ ಹಿಂದೆ ಕೂತುಬಿಡುತ್ತಿದ್ದ. ಜ್ವರ ಬಂದರೂ ಕೂತ, ನಮ್ಮಜ್ಜಿ ತೀರಿಕೊಂಡ ದಿನವೂ ಮಣ್ಣು ಮಾಡಿ ಬಂದು ಸಂಜೆಯ ಗಾಡಿಗೆ ಕೂತ. ಊರು ಅವನನ್ನು ಮಾಸ್ತರ ಎಂದು ಕರೆಯಿತು. ಕಿಟಕಿ ಮುಚ್ಚಿದ್ದನ್ನು ನಾನಂತೂ ಕಂಡಿಲ್ಲ.

ಆದರೆ ಆ ಕಿಟಕಿಗೆ ಯಾರೂ ಬರುತ್ತಿರಲಿಲ್ಲ. ನಮ್ಮೂರಿನಲ್ಲಿ ಟಿಕೇಟು ತೆಗೆದುಕೊಳ್ಳುವ ಪದ್ಧತಿಯೇ ಇರಲಿಲ್ಲ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ, ಆಗ ಯಾರಿಗೂ ಆಗುತ್ತಿರಲಿಲ್ಲ. ಇದಕ್ಕೆ ಬಡತನ ಕಾರಣ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಲ್ಲದವರು, ಇದ್ದವರು ಎಲ್ಲರೂ ಒಂದೇ. ಟಿಕೇಟು ತೆಗೆದುಕೊಳ್ಳುವುದು ಪರಊರಿನವರ ಕೆಲಸ ಎಂದು ತಿಳಿದಿದ್ದರು. ಬೀಗರು ಬಂದು ಉಂಡು ಹೊರಟಾಗ ಅವರೇನಾದರೂ ಕಿಟಕಿಯ ಕಡೆ ಹೆಜ್ಜೆ ಹಾಕಿದರೆ ಕಳಿಸಲು ಬಂದವರು ರಟ್ಟೆ ಹಿಡಿದು ಎಳೆಯುತ್ತಿದ್ದರು. ನಮ್ಮೂರಿಗೆ ಬಂದ ಬೀಗರು ಟಿಕೇಟು ತೆಗೆದರೆ ನಮ್ಮ ಮರ್ಯಾದೆ ಏನಾಗಬೇಕು ಎಂಬ ಜಗಳ. ಒಮ್ಮೆ ಉದಗೀರದ ಕಡೆಯ ಅಳಿಯನೊಬ್ಬ ಯಾರಿಗೂ ಕಾಣದಂತೆ ಬಂದು ಟಿಕೇಟು ತೆಗೆದುಕೊಂಡ. ಅವನ ಮಾವ ಅಪ್ಪನ ಹತ್ತಿರ ಬಂದು, ನಮ್ಮ ಅಳಿಯನಿಗೆ ಟಿಕೇಟು ಕೊಟ್ಟು ನನ್ನ ಮಾನ ಕಳೆದೆಯಲ್ಲ ಎಂದು ಜಗಳ ತೆಗೆದು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ.

ಹಾಗಂತ ಊರಿನವರು ಅಪ್ಪನನ್ನು ಹೊಟ್ಟೆಗಿಲ್ಲದೆ ಬಿಟ್ಟರು ಎಂದರೆ ಸುಳ್ಳಾಗುತ್ತದೆ. ಸುಗ್ಗಿಯಲ್ಲಿ ಕಣದಿಂದ ಬಡಿಗನಿಗೆ, ಕಮ್ಮಾರನಿಗೆ, ಕುಂಬಾರನಿಗೆ ಆಯ ಕೊಡುವ ರೂಢಿ ನಮ್ಮ ಕಡೆ ಇತ್ತು. ವರ್ಷವಿಡೀ ಊರಿನ ಕೆಲಸ ಮಾಡಿಕೊಟ್ಟವರಿಗೆ ರಾಶಿಯಲ್ಲಿ ಒಂದು ಪಾಲು. ಆ ಸಾಲಿಗೆ ಊರು ಸ್ಟೇಷನ್ ಮಾಸ್ತರನನ್ನೂ ಸೇರಿಸಿಕೊಂಡಿತು. ರಾಶಿಯಾದೊಡನೆ ಮನೆಗೊಂದು ಬುಟ್ಟಿ ಜೋಳ ನಮ್ಮ ಅಂಗಳಕ್ಕೆ ಬಂದು ಬೀಳುತ್ತಿತ್ತು. ಮೊದಲ ವರ್ಷ ಅಪ್ಪ ಬೇಡ ಅಂದನಂತೆ. ಕಣದ ಜೋಳ ಬೇಡ ಅನ್ನುವುದು ಕೊಟ್ಟವನ ಮುಖಕ್ಕೆ ಉಗುಳಿದಷ್ಟು ದೊಡ್ಡ ಅವಮಾನ. ಅವ್ವ ಸೆರಗು ಒಡ್ಡಿ ತೆಗೆದುಕೊಂಡಳು. ಅಲ್ಲಿಗೆ ಲೆಕ್ಕ ಮುಗಿಯಿತು. ಅಪ್ಪ ಯಾರನ್ನಾದರೂ ಟಿಕೇಟು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ. “ಮಾಸ್ತರಗ ಜ್ವಾಳ ಹಾಕ್ತೇವಲ್ಲ, ಮತ್ತ ಟಿಕೇಟ್ ಯಾಕ?”

ಅವರು ಮೋಸ ಮಾಡುತ್ತಿದ್ದೇವೆ ಎಂದು ತಿಳಿದು ಹಾಗೆ ಅನ್ನುತ್ತಿರಲಿಲ್ಲ. ಕೊಟ್ಟಿದ್ದೇವೆ ಎಂದೇ ನಂಬಿದ್ದರು. ಕಮ್ಮಾರನಿಗೆ ಆಯ ಕೊಟ್ಟ ಮೇಲೆ ಕುಡುಗೋಲು ಹಣಿಸಿ ಹರಿತ ಮಾಡಿಸಲು ಬೇರೆ ದುಡ್ಡು ಕೊಡುತ್ತಾರೆಯೇ? ರೈಲು ಮಾಸ್ತರನದಲ್ಲ, ಅವನ ಹಿಂದೆ ಎಲ್ಲೋ ದೂರದಲ್ಲಿ ಇರುವ ಸರಕಾರದ್ದು ಎಂಬುದು ಅವರ ತಲೆಗೆ ಹೋಗಲೇ ಇಲ್ಲ. ಅಪ್ಪ ಹೇಳಿ ಹೇಳಿ ಸಾಕಾದ. ನಾವು ಆ ಜೋಳದ ರೊಟ್ಟಿ ತಿಂದು ದೊಡ್ಡವರಾದೆವು.

ನಾನು ಭಾಲ್ಕಿಯ ಕಾಲೇಜಿಗೆ ದಿನಾ ಅದೇ ಗಾಡಿಯಲ್ಲಿ ಹೋಗುತ್ತಿದ್ದೆ. ಅಪ್ಪ ನನಗೆ ಪ್ರತಿದಿನ ಟಿಕೇಟು ಹರಿದು ಕೊಡುತ್ತಿದ್ದ. ಇಡೀ ಡಬ್ಬಿಯಲ್ಲಿ ನಮ್ಮೂರಿನವರ ಪೈಕಿ ಟಿಕೇಟು ಇದ್ದವಳು ನಾನೊಬ್ಬಳೇ. ಹೆಂಗಸರು ನನ್ನನ್ನು ನೋಡಿ, ಮಾಸ್ತರನ ಮಗಳು ಸರ್ಕಾರಕ್ಕೆ ಅನ್ನ ಹಾಕುತ್ತಾಳೆ ಎಂದು ಚೇಷ್ಟೆ ಮಾಡಿ ನಗುತ್ತಿದ್ದರು. ನಾನು ಟಿಕೇಟನ್ನು ಪುಸ್ತಕದ ಒಳಗೆ ಬಚ್ಚಿಡುತ್ತಿದ್ದೆ. ಭಾಲ್ಕಿಯಲ್ಲಿ ಊರಿನವರೆಲ್ಲ ಪ್ಲಾಟ್‌ಫಾರ್ಮಿನ ಉಲ್ಟಾ ಕಡೆ ಇಳಿದು ಹಳಿ ದಾಟಿ ಬಜಾರಿಗೆ ಹೋಗುತ್ತಿದ್ದರು. ನಾನೂ ಅವರ ಹಿಂದೆ ಅದೇ ಕಡೆ ಇಳಿದು ಹೋಗುತ್ತಿದ್ದೆ, ಕೈಯಲ್ಲಿ ಟಿಕೇಟು ಇದ್ದೂ.

ಹಾಗೆ ಇಳಿಯುವವರಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಿದ್ದವರನ್ನು ಈಗಲೇ ಹೇಳಿಬಿಡುತ್ತೇನೆ. ಅವರಿಗೆ ಭಾಲ್ಕಿಯಲ್ಲಿ ಬಟ್ಟೆ ಅಂಗಡಿ ಇತ್ತು. ನಮ್ಮೂರಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಮೊದಲು ತೊಟ್ಟವರು ಅವರು. ದಿನಾ ಬೆಳಿಗ್ಗೆ ಕಿಟಕಿಯ ಮುಂದೆ ಹಾದು ಹೋಗುವಾಗ, ಇವತ್ತು ಧಂದೆ ಹೇಗಿದೆ ಮಾಸ್ತರ ಎಂದು ಜೋರಾಗಿ ಕೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಒಳಗೆ ಕೂತ ಅಪ್ಪನೂ ನಗುತ್ತಿದ್ದ. ಅವರು ಈಗ ನಮ್ಮ ಸ್ಟೇಷನ್ ಹೋರಾಟ ಸಮಿತಿಯ ಅಧ್ಯಕ್ಷರು.

ಟಿಕೇಟು ಮಾರದ ಸ್ಟೇಷನ್ನನ್ನು ರೈಲ್ವೆಯವರು ಎಷ್ಟು ದಿನ ಇಟ್ಟುಕೊಂಡಾರು? ನಾನು ನೌಕರಿಗೆ ಸೇರಿದ ಹೊಸತರಲ್ಲಿ ಅದನ್ನು ಮುಚ್ಚಿದರು. ಬೆಳಗಿನ ಗಾಡಿ ನಮ್ಮೂರಿನ ಮುಂದೆ ಸೀಟಿ ಊದಿಕೊಂಡು ಸೀದಾ ಹೋಯಿತು. ಹೆಂಗಸರು ಹಳಿಯ ಪಕ್ಕ ನಿಂತು ನೆಟಿಗೆ ಮುರಿದು ಶಾಪ ಹಾಕಿದರು. ಗಂಡಸರು ಸರಕಾರಕ್ಕೆ ಬೈದರು. ಟಿಕೇಟಿನ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಆ ಸುಗ್ಗಿಗೆ ನಮ್ಮ ಅಂಗಳಕ್ಕೆ ಜೋಳವೂ ಬರಲಿಲ್ಲ. ಗಾಡಿಯೇ ಇಲ್ಲ, ಆಯ ಎಲ್ಲಿಯದು? ಅದೂ ಅವರ ನ್ಯಾಯದ ಪ್ರಕಾರ ಸರಿಯೇ ಇತ್ತು. ಅಪ್ಪ ಕೋಟು ಮಡಚಿ ಟ್ರಂಕಿಗೆ ಹಾಕಿ ಬೀದರಕ್ಕೆ ಬಂದು ಊರ ಹೊರಗಿನ ಕೊಳಾರದ ಕಾರ್ಖಾನೆಗಳ ನಡುವೆ ಒಂದು ಗೋದಾಮಿನಲ್ಲಿ ಕಾವಲಿಗೆ ಸೇರಿದ. ಮೊಳಕಾಲು ಕೈಕೊಡುವ ತನಕ ಅಲ್ಲೇ ದುಡಿದು, ಆಮೇಲೆ ಊರಿಗೆ ಹೋಗಿ ತಮ್ಮನ ಮನೆಯಲ್ಲಿ ಉಳಿದ. ತಮ್ಮ ಎಂದರೆ ನನ್ನ ತಮ್ಮ, ಈಗ ಕುರಿ ಹೊಲ ನೋಡಿಕೊಳ್ಳುವವನು ಅವನೇ.

ಸ್ಟೇಷನ್ನಿನ ಬಾಗಿಲು ಯಾರದೋ ಕೊಟ್ಟಿಗೆ ಸೇರಿತು. ಬೆಂಚುಗಳು ಗುಡಿಯ ಮುಂದೆ ಹೋದವು. ಜಾಲಿ ಬೆಳೆದು ಬೋರ್ಡನ್ನು ಮುಚ್ಚಿತು.

ಈಗೀಗ ಊರಿಗೆ ಮತ್ತೆ ರೈಲಿನ ಆಸೆ ಹುಟ್ಟಿತು. ಮಕ್ಕಳು ಬೀದರಕ್ಕೆ ಕಾಲೇಜಿಗೆ ಹೋಗುತ್ತಾರೆ, ಗಂಡಸರು ಕೊಳಾರಕ್ಕೆ ಕೆಲಸಕ್ಕೆ ಹೋಗುತ್ತಾರೆ, ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಸಾಕಾಗಿತ್ತು. ಸಮಿತಿ ಆಯಿತು, ವಾಟ್ಸಾಪ್ ಗ್ರೂಪ್ ಆಯಿತು, ಅಧ್ಯಕ್ಷರು ತಮ್ಮ ಬಿಳಿ ಕಾರಿನಲ್ಲಿ ಬೀದರದ ನನ್ನ ಮನೆಗೇ ಬಂದರು. ಸ್ಟೇಷನ್ನಿನ ಇತಿಹಾಸ ಬರೆದುಕೊಡಬೇಕು, ಸಣ್ಣ ಪುಸ್ತಕ ಮಾಡಿ ಸಾಹೇಬರ ಕೈಗೆ ಕೊಡೋಣ, ಊರಿನಲ್ಲಿ ಇದನ್ನು ಬರೆಯುವವರು ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ ಎಂದರು. ಹೊಗಳಿದರೆ ನಾನೂ ಉಬ್ಬುತ್ತೇನೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆಯಿತು ಎಂದೆ.

ರವಿವಾರ ರವಿವಾರ ಊರಿಗೆ ಹೋಗಿ ಹಿರಿಯರನ್ನು ಮಾತಾಡಿಸಿದೆ. ನಿಜಾಮರ ಕಾಲದಲ್ಲಿ ಹಳಿ ಹಾಕುವಾಗ ಮಣ್ಣು ಹೊತ್ತವರ ಮೊಮ್ಮಕ್ಕಳು ಸಿಕ್ಕರು. ಕುಸ್ತಿ ಗೆದ್ದು ಗದೆ ಹೊತ್ತು ಗಾಡಿಯಿಂದ ಇಳಿದ ಪೈಲ್ವಾನನ ಕತೆ ಸಿಕ್ಕಿತು. ಹೊಲದ ಬದುವಿನ ಮೇಲೆ ಮಜ್ಜಿಗೆ ಗಡಿಗೆ ಹೊತ್ತು ಬರುತ್ತಿದ್ದ ಒಬ್ಬ ಮುದುಕಿ ಡಬ್ಬಿ ಹತ್ತುವ ತನಕ ಗಾರ್ಡ್ ಹಸಿರು ನಿಶಾನೆ ತೋರಿಸುತ್ತಿರಲಿಲ್ಲವಂತೆ. ಎಲ್ಲರೂ ಕಣ್ಣರಳಿಸಿ ಹೇಳಿದರು. ಯಾಕೆ ಮುಚ್ಚಿತು ಎಂದು ಕೇಳಿದರೆ ಮಾತ್ರ ಒಂದೇ ಮಾತು, ಸರ್ಕಾರ ನಮಗೆ ಅನ್ಯಾಯ ಮಾಡಿತು. ನಾನೂ ಅದನ್ನೇ ಬರೆದೆ. ರೈಲ್ವೆಯ ಮಲತಾಯಿ ಧೋರಣೆಯಿಂದ ಎಂದು ಬರೆದೆ. ಮಕ್ಕಳ ಪ್ರಬಂಧದಲ್ಲಿ ಇಂಥ ಸವಕಲು ಮಾತು ಕಂಡರೆ ಕೆಂಪು ಗೀಟು ಎಳೆಯುವವಳು ನಾನು.

ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಪಡಸಾಲೆಯ ಕಂಬಕ್ಕೆ ಒರಗಿ ಕೂತು ಪೂರ್ತಿ ಕೇಳಿದ. ಭಾಳ ಛಲೋ ಬರೆದಿದ್ದಿ, ಇದನ್ನು ಓದಿದರೆ ನಮ್ಮೂರಿನವರೇ, ಇದು ಯಾವ ಊರು, ಹೋಗಿ ನೋಡಿಕೊಂಡು ಬರೋಣ ಅಂತಾರೆ ಎಂದು ನಕ್ಕ. ಜೋಳದ ಮಾತು ಎಲ್ಲಿ ಎಂದು ಕೇಳಿದ. ಅದನ್ನು ಬರೆದರೆ ಗಾಡಿ ನಿಲ್ಲಿಸುತ್ತಾರೆಯೇ ಅಪ್ಪ ಎಂದೆ. ಇಲ್ಲ, ಅದೂ ಖರೆ ಎಂದ.

ಆಮೇಲೆ ಅವನು ಬೇರೆ ವಿಷಯ ತೆಗೆದ. ತೆಗೆಯಲು ಬಹಳ ಸಂಕೋಚಪಟ್ಟ. ಸ್ಟೇಷನ್ ತೆರೆದರೆ ಟಿಕೇಟು ಕೊಡಲು ಮತ್ತೆ ಯಾರನ್ನಾದರೂ ಇಡುತ್ತಾರಲ್ಲ, ಅಧ್ಯಕ್ಷರಿಗೆ ಒಂದು ಮಾತು ಕೇಳಿ ನೋಡು ಎಂದ. ಕಣ್ಣು ಕಾಣುತ್ತವೆ, ಕೈ ನಡುಗುವುದಿಲ್ಲ, ಈಗಿನ ಮಷೀನು ಏನಿದ್ದರೂ ಕಲಿತುಕೊಳ್ಳುತ್ತೇನೆ ಎಂದ. ನಮ್ಮಪ್ಪ ತನ್ನ ಜೀವನದಲ್ಲಿ ನನ್ನ ಹತ್ತಿರ ಏನನ್ನೂ ಬೇಡಿದವನಲ್ಲ. “ಒಂದು ವರ್ಷ ಸಾಕು ಯವ್ವ. ಜನ ಖಿಡಕಿಗಿ ಬಂದು ಟಿಕೇಟ್ ಕೇಳೋದು ಒಮ್ಮಿ ನೋಡಬೇಕು” ಎಂದ.

ನಾನು ಕೇಳಿದೆ. ಅಧ್ಯಕ್ಷರು ಎದೆಯ ಮೇಲೆ ಕೈಯಿಟ್ಟು, ಮಾಸ್ತರರ ಹೆಸರನ್ನೇ ಮೊದಲು ಕೊಡುತ್ತೇವೆ, ಅದು ನನ್ನ ಜವಾಬ್ದಾರಿ ಎಂದರು. ಅಪ್ಪನಿಗೆ ಹೇಳಿದ ದಿನದಿಂದ ಅವನ ನಡಿಗೆಯೇ ಬದಲಾಯಿತು. ದಿನಾ ಗಡ್ಡ ಕೆರೆದುಕೊಳ್ಳಲು ಶುರು ಮಾಡಿದ. ಮೊಳಕಾಲು ನೋವಿನಲ್ಲೂ ಹಳಿಯ ತನಕ ಹೋಗಿ ಕೋಣೆಯೊಳಗಿನ ಕಸ ಗುಡಿಸಿ, ಕಿಟಕಿಯ ಸರಳಿನ ತುಕ್ಕು ಕೆರೆದು ಬರುತ್ತಿದ್ದನಂತೆ. ತಮ್ಮ ಫೋನಿನಲ್ಲಿ ಹೇಳಿ ನಗುತ್ತಿದ್ದ, ನಾನೂ ನಗುತ್ತಿದ್ದೆ.

ರೈಲ್ವೆಯ ಸಾಹೇಬರು ಸ್ಥಳ ನೋಡಲು ಬರುವ ದಿನ ಗೊತ್ತಾಯಿತು. ಶಾಲೆಗೆ ರಜೆ ಹಾಕಿ ಹೋದೆ. ಸ್ಟೇಷನ್ನಿನ ಮುಂದೆ ಜಾಲಿ ಕಡಿದು ಶಾಮಿಯಾನ ಹಾಕಿದ್ದರು. ಸುತ್ತಲಿನ ಹಳ್ಳಿಗಳಿಂದ, ಔರಾದ ಕಡೆಯಿಂದಲೂ ಜನ ಬಂದಿದ್ದರು. ಅಧ್ಯಕ್ಷರ ಭಾಷಣ, ನನ್ನ ಪುಸ್ತಕದ ಬಿಡುಗಡೆ, ಕೊನೆಗೆ ನನ್ನಿಂದಲೇ ವಂದನಾರ್ಪಣೆ. ಅಪ್ಪ ಟ್ರಂಕಿನಿಂದ ಕರಿ ಕೋಟು ತೆಗೆದು ತೊಟ್ಟುಕೊಂಡು ಬಂದಿದ್ದ. ಭುಜದಲ್ಲಿ ಸಡಿಲಾಗಿ ಜೋಲುತ್ತಿತ್ತು. ಅವನನ್ನು ಮೊದಲ ಸಾಲಿನಲ್ಲೇ ಕೂರಿಸಿದರು.

ಸಾಹೇಬರು ತೆಲುಗು ಸೀಮೆಯವರು, ಮಾತೆಲ್ಲ ಹಿಂದಿಯಲ್ಲಿ. ಒಳ್ಳೆಯ ಮನುಷ್ಯನ ಹಾಗೇ ಕಂಡರು. ಭಾಷಣ ಎಲ್ಲ ತಾಳ್ಮೆಯಿಂದ ಕೇಳಿ, ನನ್ನ ಪುಸ್ತಕವನ್ನು ತಿರುವಿ ನೋಡಿ, ಮೈಕು ತೆಗೆದುಕೊಂಡು ಒಂದೇ ಪ್ರಶ್ನೆ ಕೇಳಿದರು. ದಿನಾ ಇಷ್ಟು ಜನ ಈ ಸ್ಟೇಷನ್ನಿನಿಂದ ಓಡಾಡುತ್ತಿದ್ದರು ಎಂದು ನೀವು ಹೇಳುತ್ತೀರಿ, ಹಾಗಾದರೆ ಟಿಕೇಟು ಯಾಕೆ ಮಾರಾಟ ಆಗಲಿಲ್ಲ? ಒಂದೋ ನೀವು ಹೇಳುವ ಜನ ಸುಳ್ಳು, ಇಲ್ಲವೇ ಇಲ್ಲಿಯ ಜನ ಟಿಕೇಟು ತೆಗೆದುಕೊಳ್ಳುವವರಲ್ಲ. ಟಿಕೇಟು ತೆಗೆಯದ ಊರಿಗೆ ಗಾಡಿ ನಿಲ್ಲಿಸಿ ಎಂದು ನಾನು ಮೇಲಿನವರಿಗೆ ಯಾವ ಮುಖದಿಂದ ಬರೆಯಲಿ?

ಅಧ್ಯಕ್ಷರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಎದ್ದು, ಇಲ್ಲ ಸರ್, ನಮ್ಮ ಜನ ಪ್ರಾಮಾಣಿಕರು ಎಂದು ಏನೋ ತೊದಲಿದರು. ಹಾಗಾದರೆ ಟಿಕೇಟು ಎಲ್ಲಿ ಹೋಯಿತು ಎಂದು ಸಾಹೇಬರು ಮತ್ತೆ ಕೇಳಿದರು. ಅಷ್ಟೊತ್ತಿಗೆ ಮೊದಲ ಸಾಲಿನಿಂದ ಅಪ್ಪ ಮೊಳಕಾಲು ಹಿಡಿದುಕೊಂಡು ಎದ್ದ. ಖರೆ ಹೇಳಿಬಿಡುತ್ತಾನೆ, ಊರಿನ ಮಾನ ಹರಾಜಾಯಿತು ಎಂದುಕೊಂಡೆ. ಊರೂ ಅದನ್ನೇ ಅಂದುಕೊಂಡಿತು, ಅಧ್ಯಕ್ಷರ ಮುಖ ನೋಡಬೇಕಿತ್ತು.

“ಸಾಹೇಬ್ರ, ತಪ್ಪು ನಂದದರಿ” ಎಂದ ಅಪ್ಪ. “ಇಲ್ಲಿ ಟಿಕೇಟ್ ಕೊಡಾಂವ ನಾನೇ ಇದ್ದೆ. ಜನ ರೊಕ್ಕ ಹಿಡ್ಕೊಂಡು ಬರ್ತಿದ್ರು. ನಾ ಖಿಡಕಿ ತೆಗಿತಿದ್ದಿಲ್ಲರಿ. ಕುರಿ ಹಿಂದ ಹೋಗಿಬಿಡ್ತಿದ್ದೆ. ಊರವ್ರದು ಏನೂ ತಪ್ಪಿಲ್ಲರಿ.”

ಸಾಹೇಬರ ಪಕ್ಕದಲ್ಲಿದ್ದವರು ಅದನ್ನು ಹಿಂದಿಯಲ್ಲಿ ತಿಳಿಸಿದರು. ಜನ ಟಿಕೇಟು ಬೇಕು ಎನ್ನುತ್ತಿದ್ದರೇ ಎಂದು ಸಾಹೇಬರು ಖಚಿತ ಮಾಡಿಕೊಂಡರು. ಅಪ್ಪ ಕೈ ಮುಗಿದು ಹೌದೆಂದ. ಆಗ ಹಿಂದಿನಿಂದ ಒಂದು ದನಿ, ನಾವು ಎಷ್ಟೋ ಸಲ ಖಿಡಕಿ ಬಡಿದು ಬಡಿದು ಹೋಗಿದ್ದೇವೆ ಎಂದಿತು. ಇನ್ನೊಂದು ದನಿ, ಆಗಲೇ ಇವನ ಮೇಲೆ ಕಂಪ್ಲೇಂಟು ಕೊಡಬೇಕಿತ್ತು, ನಮ್ಮೂರಿನವನು ಅಂತ ಬಿಟ್ಟೆವು ಎಂದಿತು. ಹೌದು ಹೌದು ಎಂದು ಸಾಲಿನಿಂದ ಸಾಲಿಗೆ ತಲೆಗಳು ಅಲ್ಲಾಡಿದವು. ನಮ್ಮ ಅಂಗಳಕ್ಕೆ ಜೋಳ ಹೊತ್ತು ತಂದ ತಲೆಗಳೇ ಅವು, ಪ್ರತಿಯೊಂದನ್ನೂ ನಾನು ಬಲ್ಲೆ.

ನಾನು ಕುರ್ಚಿಯಿಂದ ಅರ್ಧ ಎದ್ದೆ. ಅದು ನೆನಪಿದೆ. ಅಪ್ಪ ತಿರುಗಿ ನನ್ನನ್ನು ನೋಡಿದ. ಕಣ್ಣಲ್ಲೇ, ಕೂಡು ಎಂದ. ಅವನು ಕೂಡು ಎಂದದ್ದಕ್ಕೆ ಕೂತೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಹಾಗೆ ಹೇಳಿದರೆ ಅದೂ ಒಂದು ಸುಳ್ಳು. ನನಗೂ ಆ ಸ್ಟೇಷನ್ ಬೇಕಾಗಿತ್ತು. ನನ್ನ ಪುಸ್ತಕ ಸಾಹೇಬರ ತೊಡೆಯ ಮೇಲಿತ್ತು, ಅದರ ಮೇಲೆ ನನ್ನ ಹೆಸರಿತ್ತು, ಬಾಯಿ ತೆರೆದರೆ ಅದೂ ಸುಳ್ಳಿನ ಕಂತೆ ಎಂದಾಗುತ್ತಿತ್ತು. ಕೂತೆ.

ಸಾಹೇಬರ ಮುಖ ಸಡಿಲಾಯಿತು. ತಪ್ಪು ಒಬ್ಬನದಾದರೆ ಅದಕ್ಕೆ ಉಪಾಯ ಇದೆ, ಕೆಲವು ತಿಂಗಳು ಗಾಡಿ ನಿಲ್ಲಿಸಿ ನೋಡಲು ಬರೆಯುತ್ತೇನೆ ಎಂದರು. ಜನ ಚಪ್ಪಾಳೆ ತಟ್ಟಿದರು. ಈ ಸಲ ಮಾತ್ರ ಟಿಕೇಟು ಕೊಡಲು ನಂಬಿಕೆಯ ಮನುಷ್ಯರನ್ನು ಆರಿಸಿರಿ ಎಂದು ಅವರು ಸೇರಿಸಿದಾಗ ಅಧ್ಯಕ್ಷರು, ಖಂಡಿತ ಸರ್, ಇನ್ನು ಆ ತಪ್ಪು ಆಗಲು ಬಿಡುವುದಿಲ್ಲ ಎಂದರು. ಅಪ್ಪ ಮೊದಲ ಸಾಲಿನಲ್ಲಿ ಕೂತು ಇದನ್ನೂ ಕೇಳಿದ. ಜನ ಚಪ್ಪಾಳೆ ತಟ್ಟಿದಾಗ ಅವನೂ ತಟ್ಟಿದ್ದ.

ಆಮೇಲೆ ನನ್ನ ಹೆಸರು ಕೂಗಿದರು. ಎದ್ದೆ, ಮೈಕಿನ ಮುಂದೆ ನಿಂತೆ, ವಂದನೆ ಅರ್ಪಿಸಿದೆ. ಸಾಹೇಬರಿಗೆ, ಅಧ್ಯಕ್ಷರಿಗೆ, ಶಾಮಿಯಾನ ಹಾಕಿದವರಿಗೆ, ಮೈಕಿನವರಿಗೆ, ಉಪ್ಪಿಟ್ಟು ಚಹಾ ಮಾಡಿದ ತಾಯಂದಿರಿಗೆ, ಶಾಂತಿಯಿಂದ ಕೂತು ಕೇಳಿದ ಊರಿನ ಸಮಸ್ತ ಜನರಿಗೆ. ಒಬ್ಬರನ್ನೂ ಬಿಡಲಿಲ್ಲ. ಅಪ್ಪನ ಕಡೆ ನೋಡದಂತೆ ನೋಡಿಕೊಂಡೆ.

ಮನೆಗೆ ನಡೆಯುವಾಗ ನಾನು ಅತ್ತೆ. ಅಳುತ್ತ ಅವನಿಗೇ ಬೈದೆ, ನನಗೆ ಬೈಯಲು ಬರುವುದಷ್ಟೇ ತಾನೇ. ಯಾಕೆ ಹಾಗೆ ಹೇಳಿದಿ, ನಿನ್ನ ಕಿಟಕಿ ನೀನೇ ಮುಚ್ಚಿಕೊಂಡೆಯಲ್ಲ ಎಂದೆ. ಅಪ್ಪ ನನ್ನ ಭುಜದ ಮೇಲೆ ಭಾರ ಹಾಕಿ ಮೆಲ್ಲಗೆ ಹೆಜ್ಜೆ ಇಡುತ್ತಿದ್ದ.

“ಊರಿನ ಜ್ವಾಳ ಉಂಡೀನಿ ಯವ್ವ. ಉಣಬಾರದಿತ್ತು, ಉಂಡೆ” ಎಂದ. “ನೀ ಏಳಲಿಲ್ಲ, ಛಲೋ ಮಾಡಿದಿ. ಎದ್ದಿದ್ರ ಕೆಲಸ ಕೆಡ್ತಿತ್ತು.”

ಛಲೋ ಮಾಡಿದಿ ಎಂಬ ಆ ಮಾತಿಗಿಂತ ನನ್ನ ಕೆನ್ನೆಗೆ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಮೂಗು ಒರೆಸಿಕೊಂಡು ಕೊನೆಯ ಬಸ್ಸು ಹಿಡಿದು ಬೀದರಕ್ಕೆ ಬಂದೆ.

ಹಲವು ತಿಂಗಳ ಮೇಲೆ ಗಾಡಿ ನಿಲ್ಲಿಸುವ ಆದೇಶ ಬಂತು. ಅಷ್ಟರಲ್ಲಿ ಊರಿನಲ್ಲಿ ಕತೆ ಗಟ್ಟಿಯಾಗಿತ್ತು. ಅದು ಅಪ್ಪ ಸಾಹೇಬರ ಎದುರು ಆಡಿದ ಸುಳ್ಳು ಎಂದು ಮೊದಮೊದಲು ಎಲ್ಲರಿಗೂ ಗೊತ್ತಿತ್ತು. ಒಬ್ಬಿಬ್ಬರು ಅಪ್ಪನ ಕೈ ಹಿಡಿದು, ಊರು ಉಳಿಸಿದಿ ಮಾಸ್ತರ ಎಂದೂ ಅಂದಿದ್ದರಂತೆ. ಬರಬರುತ್ತ ಆ ಮಾತು ನಿಂತಿತು. ಹೊಸ ಹುಡುಗರಿಗೆ ಹಳೆಯದು ಗೊತ್ತಿಲ್ಲ, ಹಳಬರಿಗೆ ಹೊಸ ಕತೆಯೇ ಅನುಕೂಲ. ಮಾಸ್ತರ ಕುರಿ ಹಿಂದೆ ಹೋಗಿ ಸ್ಟೇಷನ್ ಕಳೆದ ಎಂದು ಚಹಾದಂಗಡಿಯಲ್ಲಿ ನಕ್ಕೊಂಡು ಹೇಳುವುದನ್ನು ತಮ್ಮ ಕೇಳಿ ಬಂದ. ಟಿಕೇಟಿನ ಕೆಲಸ ಅಧ್ಯಕ್ಷರ ತಮ್ಮನ ಸೊಸೆಗೆ ಸಿಕ್ಕಿತು. ಹುಡುಗಿ ಓದಿದವಳು, ಒಳ್ಳೆಯವಳು, ಅವಳ ಮೇಲೆ ನನಗೆ ಸಿಟ್ಟಿಲ್ಲ.

ಗಾಡಿ ಮೊದಲ ಸಲ ನಿಲ್ಲುವ ದಿನ ಅಪ್ಪ ಬರುವುದಿಲ್ಲ ಅನ್ನುತ್ತಾನೆ ಎಂದುಕೊಂಡಿದ್ದೆ. ನನಗಿಂತ ಮೊದಲೇ ತಯಾರಾಗಿ ಕೂತಿದ್ದ, ಬಿಳಿ ಅಂಗಿ, ಧೋತರ. ಸ್ಟೇಷನ್ನಿಗೆ ಹೊಸ ಸುಣ್ಣ, ಹೊಸ ಬಾಗಿಲು. ಕಿಟಕಿಯ ಮುಂದೆ ಸಾಲು ಹಚ್ಚಿದ್ದರು. ಹೌದು, ಸಾಲು. ನಮ್ಮೂರಿನವರು ಟಿಕೇಟು ತೆಗೆದುಕೊಂಡು, ಮುಖದ ಪಕ್ಕ ಹಿಡಿದು ಫೋಟೋ ತೆಗೆಸಿಕೊಂಡು ಗ್ರೂಪಿಗೆ ಹಾಕುತ್ತಿದ್ದರು. ಅಪ್ಪ ಸಾಲಿನ ಕೊನೆಗೆ ನಿಂತ. ಜನ ಕಿಟಕಿಗೆ ಕೈ ಒಡ್ಡುವುದನ್ನು ಒಂದೇ ಸಮನೆ ನೋಡುತ್ತಿದ್ದ. ಅವನಿಗೆ ಸಂತೋಷವೇ ಆಗಿತ್ತು. ಸುಳ್ಳು ಯಾಕೆ ಹೇಳಲಿ, ನಿಜವಾಗಿ ಸಂತೋಷವಾಗಿತ್ತು.

ಅಧ್ಯಕ್ಷರು ಹೂವಿನ ಹಾರಗಳ ನಡುವಿನಿಂದ ಬಂದು ಸೀದಾ ಅಪ್ಪನ ಹತ್ತಿರ ನಿಂತರು. ಜನ ಸುತ್ತುವರಿದರು. ಅವರು ಅಪ್ಪನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣಲ್ಲಿ ನೀರಿತ್ತು. ನಾಟಕ ಆಗಿದ್ದರೆ ನನಗೆ ಗೊತ್ತಾಗುತ್ತಿತ್ತು, ನಾನು ದಿನಾ ಮಕ್ಕಳ ನಾಟಕ ನೋಡುವವಳು. ಅದು ನಾಟಕ ಅಲ್ಲ. ಅವರು ನಂಬಿಬಿಟ್ಟಿದ್ದರು.

“ಆಗಿದ್ದು ಆಗಿ ಹೋತು ಮಾಸ್ತರ” ಎಂದರು. “ಊರು ಮನಸಿನ್ಯಾಗ ಇಟ್ಕೊಂಡಿಲ್ಲ. ನಿಮ್ಮನ್ನ ಮಾಫ್ ಮಾಡೇವಿ.”

ಅಪ್ಪ ಎರಡೂ ಕೈ ಜೋಡಿಸಿ ತಲೆ ಬಾಗಿಸಿದ. ಅಧ್ಯಕ್ಷರು ನನ್ನ ಕಡೆ ತಿರುಗಿದರು. ಮಗಳು ಏನಾದರೂ ಹೇಳುತ್ತಾಳೆ ಎಂದು ಎಲ್ಲರೂ ನನ್ನನ್ನೇ ನೋಡಿದರು. ನನ್ನ ಬಾಯಿ ಎಲ್ಲರಿಗೂ ಗೊತ್ತಿದ್ದದ್ದೇ. ದೂರದಲ್ಲಿ ಗಾಡಿ ಸೀಟಿ ಊದಿತು.

“ನಿಮ್ದು ದೊಡ್ಡ ಮನಸು ರೀ” ಎಂದೆ.